‘ಕ್ಲಿಯರ್ಡ್’ ಎಂದರೆ ಹೊರಡಿ ಎಂದಲ್ಲವೇ? ನಿರ್ಗಮನ ಅನುಮತಿಯ ಮಾತುಗಳ ಬಗ್ಗೆ ಒಂದು ಸಂದೇಹ

ಮೌನಶ್ರೋತೃ:

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ವಿಮಾನಯಾನದವನಲ್ಲ. ಬಿಡುವಿದ್ದಾಗ ಗೆಳೆಯರ ಗುಂಪಿನೊಂದಿಗೆ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸವಿದ್ದು, ಇತ್ತೀಚೆಗೆ ಅದರಲ್ಲೇ ವಿಮಾನ ಸಂಚಾರ ನಿಯಂತ್ರಕನ ಕುರ್ಚಿಯಲ್ಲೂ ಕೂರಲು ಆರಂಭಿಸಿದ್ದೇನೆ. ಮೊನ್ನೆ ನಿಲುಗಡೆಯಲ್ಲಿದ್ದ ವಿಮಾನವೊಂದಕ್ಕೆ ನಿರ್ಗಮನ ಅನುಮತಿ (‘ಕ್ಲಿಯರ್ಡ್’ ಎಂಬ ಪದದಿಂದ ಕೊಡುವುದು) ಕೊಡುವಾಗ ಗಮ್ಯಸ್ಥಾನ, ಮಾರ್ಗ, ಎತ್ತರ, ಟ್ರಾನ್ಸ್‌ಪಾಂಡರ್ ಸಂಖ್ಯೆ (ರಾಡಾರಿನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಸಂಕೇತ) ಎಲ್ಲವನ್ನೂ ಸರಿಯಾಗಿಯೇ ಹೇಳಿ, ಕೊನೆಯಲ್ಲಿ ‘ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ’ ಎಂಬ ಅರ್ಥ ಬರುವಂತೆ ‘ರೈಟ್ ಟರ್ನ್ ಆಫ್ಟರ್ ಟೇಕಾಫ್’ ಎಂದು ಸೇರಿಸಿದೆ. ತಕ್ಷಣ ಗುಂಪಿನ ಹಿರಿಯರೊಬ್ಬರು ಆಟವನ್ನೇ ನಿಲ್ಲಿಸಿ, ಆ ಪದವನ್ನು ಅಲ್ಲಿ ಬಳಸಲೇಬಾರದು ಎಂದು ಗದರಿದರು.

ವಿಮಾನ ಇನ್ನೂ ಎಂಜಿನ್ ಕೂಡ ಚಾಲೂ ಮಾಡಿರಲಿಲ್ಲ. ನನ್ನ ಮಾತನ್ನು ಕೇಳಿ ಯಾರೂ ನಿಲುಗಡೆಯಿಂದಲೇ ಹಾರಿಬಿಡುವುದಿಲ್ಲವಲ್ಲ! ಇಷ್ಟು ಕಟ್ಟುನಿಟ್ಟು ಏಕೆ, ಮತ್ತು ನಿಂತ ವಿಮಾನಕ್ಕೆ ಇಷ್ಟೊಂದು ವಿವರವನ್ನು ಮುಂಚಿತವಾಗಿಯೇ ಏಕೆ ಹೇಳಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹಳೆಯ ಗೋಪುರ:

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಗೊತ್ತಾದರೆ ಮೊದಲನೆಯದಕ್ಕೆ ಉತ್ತರ ಅರ್ಧ ಸಿಕ್ಕಂತೆ. ನಾನು ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಬಹಳ ವರ್ಷ ಕೂತು ಈಗ ನಿವೃತ್ತನಾಗಿದ್ದೇನೆ.

ನಿಂತ ವಿಮಾನಕ್ಕೆ ಕೊಡುವ ಅನುಮತಿ ಚಲನೆಗೆ ಸಂಬಂಧಿಸಿದ್ದೇ ಅಲ್ಲ. ‘ನೀವು ಆಕಾಶಕ್ಕೇರಿದ ಮೇಲೆ ಎಲ್ಲಿಯವರೆಗೆ, ಯಾವ ದಾರಿಯಲ್ಲಿ, ಎಷ್ಟು ಎತ್ತರದವರೆಗೆ ಹೋಗಬಹುದು’ ಎಂಬ ಒಪ್ಪಂದ ಅದು. ಗಾಲಿ ಒಂದು ಅಂಗುಲ ಉರುಳಬೇಕಾದರೂ ಬೇರೆ ಬೇರೆ ಅಪ್ಪಣೆಗಳು ಬೇಕು: ಹಿಂದಕ್ಕೆ ತಳ್ಳಿಸಿಕೊಳ್ಳಲು ಒಂದು, ಟ್ಯಾಕ್ಸಿವೇಯಲ್ಲಿ ಸಾಗಲು ಒಂದು, ರನ್‌ವೇಯೊಳಗೆ ಬರಲು ಇನ್ನೊಂದು, ಹಾರಲು ಮತ್ತೊಂದು.

ಅಮೆರಿಕದಲ್ಲಿ ಕಲಿಯುವವರು ಈ ಅನುಮತಿಯ ಅಂಗಗಳನ್ನು ‘ಕ್ರಾಫ್ಟ್’ (CRAFT) ಎಂಬ ಇಂಗ್ಲಿಷ್ ಪದದ ಅಕ್ಷರಗಳಿಂದ ನೆನಪಿಟ್ಟುಕೊಳ್ಳುತ್ತಾರೆ. ಅನುಮತಿಯ ಮಿತಿ, ಮಾರ್ಗ, ಎತ್ತರ, ನಿರ್ಗಮನ ನಿಯಂತ್ರಕರ ಫ್ರೀಕ್ವೆನ್ಸಿ, ಟ್ರಾನ್ಸ್‌ಪಾಂಡರ್ ಸಂಖ್ಯೆ, ಇದೇ ಕ್ರಮ. ಮಿತಿ ಎಂದರೆ ಸಾಮಾನ್ಯವಾಗಿ ಗಮ್ಯಸ್ಥಾನದ ವಿಮಾನ ನಿಲ್ದಾಣವೇ. ಆದರೆ ದಾರಿಯ ನಡುವಿನ ಒಂದು ಬಿಂದುವಿನವರೆಗೆ ಮಾತ್ರ ಅನುಮತಿ ಕೊಟ್ಟರೆ, ಅಲ್ಲಿಂದ ಮುಂದಕ್ಕೆ ಪೈಲಟ್ ಹೊಸ ಅನುಮತಿ ಪಡೆಯಬೇಕು. ಮಾರ್ಗವನ್ನು ಪೂರ್ತಿ ಓದುವುದು ಅಪರೂಪ. ಪೈಲಟ್ ಸಲ್ಲಿಸಿದ ಯೋಜನೆಯೇ ಒಪ್ಪಿಗೆಯಾಗಿದ್ದರೆ, ನಿಲ್ದಾಣದಿಂದ ಹೊರಬೀಳುವ ಪ್ರಕಟಿತ ಮಾರ್ಗದ ಹೆಸರನ್ನು ಹೇಳಿ, ಉಳಿದದ್ದು ‘ಸಲ್ಲಿಸಿದಂತೆ’ ಎಂದರೆ ಸಾಕು. ಆ ಪ್ರಕಟಿತ ಮಾರ್ಗವನ್ನು ‘ಸಿಡ್’ ಎನ್ನುತ್ತೇವೆ. ಅದರ ಹೆಸರಿನಲ್ಲಿರುವ ಅಂಕಿ ಬರಿಯ ಅಲಂಕಾರವಲ್ಲ. ಮಾರ್ಗವನ್ನು ಪರಿಷ್ಕರಿಸಿದಾಗಲೆಲ್ಲ ಅಂಕಿ ಬದಲಾಗುತ್ತದೆ. ಆದ್ದರಿಂದ ಪೈಲಟ್ ಬಳಿ ಹಳೆಯ ನಕ್ಷೆಯಿದ್ದರೆ ಆ ಒಂದು ಅಂಕಿಯಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟನ್ನೂ ಮುಂಚಿತವಾಗಿಯೇ ಏಕೆ ಹೇಳುವುದೆಂದರೆ, ಹಾರಿದ ಮರುಕ್ಷಣದಲ್ಲಿ ರೇಡಿಯೋ ಕೆಟ್ಟರೂ ವಿಮಾನ ಎತ್ತ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಅಮೆರಿಕದ ನಿಯಂತ್ರಕರು ಮೊದಲ ಎತ್ತರವನ್ನು ಹೇಳಿದ ಮೇಲೆ ‘ನಿರ್ಗಮಿಸಿ 10 ನಿಮಿಷದ ನಂತರ ಇಂಥ ಎತ್ತರವನ್ನು ನಿರೀಕ್ಷಿಸಿ’ ಎಂದು ಸೇರಿಸುವುದರ ಉದ್ದೇಶ ಅದೇ. ಸಂಪರ್ಕ ಚೆನ್ನಾಗಿರುವಾಗ ‘ನಿರೀಕ್ಷಿಸಿ’ ಎಂಬುದನ್ನು ಅನುಮತಿ ಎಂದುಕೊಂಡು ಏರತೊಡಗಿದರೆ ಮಾತ್ರ ಅದು ಉಲ್ಲಂಘನೆ.

ಪದಶೋಧಕಿ:

ಮೌನಶ್ರೋತೃ ಅವರೇ, ನೀವು ಬಳಸಿದ ‘ರೈಟ್ ಟರ್ನ್ ಆಫ್ಟರ್ ಟೇಕಾಫ್’ ಎಂಬ ಪದಗುಚ್ಛವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಿಮಗೆ ತಿಳಿಯದೆಯೇ ನೀವು 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ನಿಯಂತ್ರಕರು ಡಚ್ ಸಂಸ್ಥೆ ಕೆಎಲ್ಎಂನ ವಿಮಾನಕ್ಕೆ ಹೇಳಿದ ಮಾತನ್ನೇ ಹೇಳಿದ್ದೀರಿ. ನಾನು ಭಾಷಾಶಾಸ್ತ್ರದ ವಿದ್ಯಾರ್ಥಿನಿಯಾದ್ದರಿಂದ ಆ ಸಂಭಾಷಣೆಯನ್ನು ಹಲವು ಸಲ ಓದಿದ್ದೇನೆ.

ಮಂಜು ಕವಿದಿತ್ತು. ಕೆಎಲ್ಎಂನ ಬೋಯಿಂಗ್ 747 ವಿಮಾನ ರನ್‌ವೇಯ ತುದಿಯಲ್ಲಿ ಹಾರಲು ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಂ ಸಂಸ್ಥೆಯ ಇನ್ನೊಂದು 747 ಅದೇ ರನ್‌ವೇಯ ಮೇಲೆ ಎದುರಿನಿಂದ ಸಾಗಿ ಬರುತ್ತಿತ್ತು. ಕೆಎಲ್ಎಂನ ಸಹಪೈಲಟ್ ತಾವು ಟೇಕಾಫ್‌ಗೆ ಸಿದ್ಧರಿದ್ದೇವೆ, ನಿರ್ಗಮನ ಅನುಮತಿಗಾಗಿ ಕಾಯುತ್ತಿದ್ದೇವೆ ಎಂದು ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ನಿಯಂತ್ರಕರು ಎರಡನೆಯದಕ್ಕೆ ಮಾತ್ರ ಉತ್ತರಿಸಿ ಮಾರ್ಗದ ಅನುಮತಿಯನ್ನು ಓದಿದರು, ಮತ್ತು ಆ ಅನುಮತಿಯೊಳಗೆ ‘ಟೇಕಾಫ್’ ಎಂಬ ಪದ ಬಂದುಹೋಯಿತು. ಸಹಪೈಲಟ್ ಅದನ್ನು ಮರಳಿ ಓದುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಸಡಿಲಿಸಿದ್ದರು. ಸಹಪೈಲಟ್ ಕೊನೆಯಲ್ಲಿ ‘ವಿ ಆರ್ ನೌ ಅಟ್ ಟೇಕಾಫ್’ ಎಂದರು.

ಈ ‘ಅಟ್ ಟೇಕಾಫ್’ ಎಂಬುದನ್ನು ಗೋಪುರದವರು ‘ಹಾರಲು ಸಿದ್ಧವಾಗಿ ನಿಂತಿದ್ದೇವೆ’ ಎಂದು ಅರ್ಥಮಾಡಿಕೊಂಡರು. ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ‘ಓಡತೊಡಗಿದ್ದೇವೆ’ ಎಂಬುದು. ಡಚ್ ಭಾಷೆಯಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ರೀತಿ ಇಂಗ್ಲಿಷ್ ವಾಕ್ಯಕ್ಕೆ ನುಸುಳಿರಬಹುದು ಎಂದು ಕೆಲವು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಕನ್ನಡಿಗರಾದ ನಮಗೆ ಇದು ವಿಚಿತ್ರವೆನಿಸಬಾರದು. ಯಾರಾದರೂ ಕೂಗಿದಾಗ ಕೂತಲ್ಲಿಂದ ಏಳದೆಯೇ ‘ಬಂದೆ’ ಎನ್ನುತ್ತೇವೆ. ಚಪ್ಪಲಿ ಹುಡುಕುತ್ತಿರುವಾಗಲೇ ಫೋನಿನಲ್ಲಿ ‘ಹೊರಟೆ’ ಎನ್ನುತ್ತೇವೆ. ರೂಪ ಭೂತಕಾಲದ್ದು, ಕೆಲಸ ಭವಿಷ್ಯದ್ದು. ಮನೆಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ.

ನಿಯಂತ್ರಕರು ಅದಕ್ಕೆ ‘ಓಕೆ’ ಎಂದು, ಕ್ಷಣ ಬಿಟ್ಟು, ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಕ್ಷಣದಲ್ಲಿ ಪ್ಯಾನ್ ಆಂನವರು ತಾವಿನ್ನೂ ರನ್‌ವೇಯಲ್ಲೇ ಇದ್ದೇವೆ ಎಂದು ಹೇಳಿದ್ದರಿಂದ ಎರಡೂ ಪ್ರಸಾರಗಳು ಡಿಕ್ಕಿಯಾಗಿ, ಕೆಎಲ್ಎಂನ ಕಾಕ್‌ಪಿಟ್‌ನಲ್ಲಿ ‘ಓಕೆ’ಯ ನಂತರ ಕೀರಲು ಸದ್ದೇ ಹೆಚ್ಚಾಗಿ ಕೇಳಿತು. ಓಡುತ್ತಿದ್ದ ಕೆಎಲ್ಎಂ ವಿಮಾನ ಪ್ಯಾನ್ ಆಂ ವಿಮಾನಕ್ಕೆ ಬಡಿಯಿತು. ಅಂದು ಸತ್ತವರು 583 ಮಂದಿ. ಅದರ ನಂತರ ಬೇರೂರಿದ ನಿಯಮವೆಂದರೆ, ಟೇಕಾಫ್ ಎಂಬ ಪದವನ್ನು ಹಾರಲು ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆಯನ್ನು ಹಿಂತೆಗೆಯುವಾಗ ಮಾತ್ರ ನಿಯಂತ್ರಕರು ಉಚ್ಚರಿಸಬೇಕು. ಉಳಿದೆಲ್ಲ ಕಡೆ ‘ಡಿಪಾರ್ಚರ್’ ಅಥವಾ ‘ಏರ್‌ಬೋರ್ನ್’ ಎನ್ನಬೇಕು. ನಿಮ್ಮ ಹಿರಿಯರು ಗದರಿದ್ದು ಅದಕ್ಕೆ.

ಎರಡನೇ ಸೀಟು:

ನಾನು ಸಹಪೈಲಟ್. ಮೇಲಿನ ವಿವರಣೆಗೆ ಕಾಕ್‌ಪಿಟ್‌ನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಅನುಮತಿಯನ್ನು ಕೇಳುವಾಗ ನಾವು ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಬರೆದುಕೊಳ್ಳುತ್ತೇವೆ. ಕ್ರಮ ಗೊತ್ತಿದ್ದರೆ ಹಾಳೆಯಲ್ಲಿ ಮೊದಲೇ ಜಾಗ ಬಿಟ್ಟು ಖಾಲಿ ಸ್ಥಳಗಳನ್ನು ತುಂಬಿದರೆ ಆಯಿತು. ನಿಯಂತ್ರಕರು ಕ್ರಮ ಬದಲಿಸಿದರೆ ಕಿವಿ ಹಿಂದುಳಿಯುತ್ತದೆ. ಆಮೇಲೆ ಮಾರ್ಗ, ಎತ್ತರ, ಟ್ರಾನ್ಸ್‌ಪಾಂಡರ್ ಸಂಖ್ಯೆಗಳನ್ನು ಅಕ್ಷರಶಃ ಮರಳಿ ಓದಲೇಬೇಕು; ‘ರಾಜರ್’ ಎಂದು ತಪ್ಪಿಸಿಕೊಳ್ಳುವಂತಿಲ್ಲ. ‘ರಾಜರ್’ ಎಂಬುದಕ್ಕೆ ‘ನಿಮ್ಮ ಪ್ರಸಾರ ಪೂರ್ತಿ ತಲುಪಿತು’ ಎಂಬುದಷ್ಟೇ ಅರ್ಥ. ತಲುಪಿದ್ದು ಸರಿಯಾಗಿ ತಲುಪಿತೇ ಎಂಬುದು ಅದರಿಂದ ತಿಳಿಯದು.

ಮರಳಿ ಓದುವುದಕ್ಕಿಂತ ಅದನ್ನು ಕೇಳಿಸಿಕೊಳ್ಳುವುದು ಕಷ್ಟ. ನಿಯಂತ್ರಕರಿಗೆ ತಾವು ಹೇಳಿದ್ದು ಗೊತ್ತಿರುವುದರಿಂದ, ಪೈಲಟ್ ಬೇರೆ ಹೇಳಿದರೂ ತಮ್ಮದೇ ಮಾತು ಕೇಳಿಸಿದಂತಾಗುತ್ತದೆ. ಇದಕ್ಕೆ ನಿರ್ಗಮನದ್ದಲ್ಲ, ಇಳಿಯುವಾಗಿನದಾದರೂ ನಾನು ಎಂದೂ ಮರೆಯದ ಉದಾಹರಣೆಯೊಂದಿದೆ. 1989ರ ಫೆಬ್ರವರಿ 19ರಂದು ಕೌಲಾಲಂಪುರದತ್ತ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ 2400 ಅಡಿಗೆ ಇಳಿಯಲು ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’ ಎಂದರು. ಮೊದಲ ‘ಟೂ’ ಅಂಕಿಯಾಗಿ ಕೇಳಿಸದೆ ‘ವರೆಗೆ’ ಎಂಬರ್ಥದ ‘ಟು’ ಆಗಿ ಕೇಳಿಸಿತು. ಕ್ಯಾಪ್ಟನ್ ‘ಓಕೆ, ಫೋರ್ ಜೀರೋ ಜೀರೋ’ ಎಂದು ಮರಳಿ ಓದಿದರು. ಯಾರೂ ತಿದ್ದಲಿಲ್ಲ. ವಿಮಾನ 400 ಅಡಿಯತ್ತ ಇಳಿದು ಗುಡ್ಡಕ್ಕೆ ಬಡಿಯಿತು, ನಾಲ್ವರು ಸಿಬ್ಬಂದಿಯೂ ಸತ್ತರು.

ನಿರ್ಗಮನ ಅನುಮತಿಯಲ್ಲಿ ಎತ್ತರದ ಹಿಂದೆ ‘ಆಲ್ಟಿಟ್ಯೂಡ್’ ಅಥವಾ ‘ಫ್ಲೈಟ್ ಲೆವೆಲ್’ (ನೂರು ಅಡಿಗಳ ಲೆಕ್ಕದಲ್ಲಿ ಹೇಳುವ ಎತ್ತರ) ಎಂಬ ಪದವನ್ನು ಬಿಡದೆ ಹೇಳುವುದು ಇಂಥ ಕಾರಣಕ್ಕೆ. ಬ್ರಿಟನ್ನಿನವರು ಒಂದು ಹೆಜ್ಜೆ ಮುಂದೆ ಹೋಗಿ, ಫ್ಲೈಟ್ ಲೆವೆಲ್ ಹೇಳುವಾಗ ‘ಟು’ ಎಂಬುದನ್ನೇ ಕೈಬಿಟ್ಟಿದ್ದಾರೆ. ಅಲ್ಲಿ 100ನೇ ಲೆವೆಲನ್ನು ‘ಒನ್ ಜೀರೋ ಜೀರೋ’ ಎನ್ನದೆ ‘ಒನ್ ಹಂಡ್ರೆಡ್’ ಎನ್ನುತ್ತಾರೆ, ಏಕೆಂದರೆ ಗದ್ದಲದಲ್ಲಿ ‘ಒನ್ ಜೀರೋ ಜೀರೋ’ 110ರಂತೆ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ಇದು ಅತಿ ಎನಿಸಿತ್ತು. ಈಗ ಅನಿಸುವುದಿಲ್ಲ.

ಅನುಮಾನಿ:

ಎಲ್ಲವನ್ನೂ ಓದಿದೆ, ಒಪ್ಪಿದೆ ಎಂದು ಹೇಳಲು ಮನಸ್ಸಿದ್ದರೂ ಒಂದು ತಕರಾರು ಎತ್ತುತ್ತೇನೆ. ಪದವನ್ನು ಬದಲಿಸಿದರೆ ಅಪಘಾತ ತಪ್ಪುತ್ತದೆ ಎಂಬ ನಂಬಿಕೆ ಈ ಚರ್ಚೆಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ಟೆನೆರಿಫ್‌ನಲ್ಲಿ ನಿಯಂತ್ರಕರು ಅನುಮತಿ ಓದುವ ಮೊದಲೇ ಕ್ಯಾಪ್ಟನ್ ಒಮ್ಮೆ ಹೊರಡಲು ಕೈಹಾಕಿದ್ದರು, ಸಹಪೈಲಟ್ ತಡೆದಿದ್ದರು. ಅವಸರದಲ್ಲಿರುವವರಿಗೆ ಯಾವ ಪದವೂ ಹೋಗು ಎಂದೇ ಕೇಳಿಸುತ್ತದೆ.

2024ರ ಜನವರಿ 2ರಂದು ಟೋಕಿಯೋದ ಹಾನೆಡಾ ನಿಲ್ದಾಣದಲ್ಲಿ ನಡೆದದ್ದನ್ನು ನೋಡಿ. ಕರಾವಳಿ ರಕ್ಷಣಾ ಪಡೆಯ ಚಿಕ್ಕ ವಿಮಾನಕ್ಕೆ ಗೋಪುರದವರು ‘ನಂಬರ್ ಒನ್, ಹೋಲ್ಡಿಂಗ್ ಪಾಯಿಂಟ್ ಸಿ5ರವರೆಗೆ ಸಾಗಿ’ ಎಂದರು; ಹೋಲ್ಡಿಂಗ್ ಪಾಯಿಂಟ್ ಎಂದರೆ ರನ್‌ವೇಯ ಹೊರಗೆ ಕಾಯುವ ಜಾಗ. ಅವರು ಅದನ್ನು ಸರಿಯಾಗಿಯೇ ಮರಳಿ ಓದಿದರು. ಆದರೂ ರನ್‌ವೇಯೊಳಗೆ ಹೋಗಿ ನಿಂತರು, ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ಬಂದು ಬಡಿಯಿತು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಹೊರಬಂದದ್ದು ಪವಾಡಸದೃಶ. ಚಿಕ್ಕ ವಿಮಾನದ ಆರು ಮಂದಿಯಲ್ಲಿ ಐವರು ಉಳಿಯಲಿಲ್ಲ. ಇಲ್ಲಿ ‘ಟೇಕಾಫ್’ ಪದ ಬರಲಿಲ್ಲ, ‘ಓಕೆ’ ಬರಲಿಲ್ಲ, ಮರಳಿ ಓದುವಿಕೆಯಲ್ಲಿ ತಪ್ಪಿರಲಿಲ್ಲ. ಹಾಗಾದರೆ ಪದಗಳ ಮೇಲಿನ ಈ ಮಡಿವಂತಿಕೆ ಏನನ್ನು ಕಾಪಾಡಿತು?

ಇನ್ನೊಂದು ಮಾತು. ಇಷ್ಟೊಂದು ಮುಖ್ಯವಾದ ಪದಗಳಾದರೆ ಎಲ್ಲ ದೇಶಗಳಲ್ಲೂ ಒಂದೇ ಇರಬೇಕಿತ್ತಲ್ಲ?

ಹಳೆಯ ಗೋಪುರ:

ಅನುಮಾನಿಗಳ ತಕರಾರು ನ್ಯಾಯವಾದದ್ದೇ. ಆದರೆ ಹಾನೆಡಾದ ಉದಾಹರಣೆ ನನ್ನ ಮಟ್ಟಿಗೆ ಅವರ ವಾದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ.

‘ನಂಬರ್ ಒನ್’ ಎಂಬುದು ಆದೇಶವಲ್ಲ, ಸರದಿಯ ಮಾಹಿತಿ. ಹೊರಡುವವರಲ್ಲಿ ನೀವು ಮೊದಲಿಗರು ಎಂದು ತಿಳಿಸಿದರೆ ಪೈಲಟ್ ಎಂಜಿನ್‌ನ ಸಿದ್ಧತೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ನಾನೇ ಸಾವಿರಾರು ಸಲ ಹೇಳಿದ್ದೇನೆ. ಆದರೆ ಹೊರಡುವ ತವಕದಲ್ಲಿರುವ ಕಿವಿಗೆ ಅದು ‘ನಿಮಗೇ ಆದ್ಯತೆ, ಒಳಗೆ ಬನ್ನಿ’ ಎಂದು ಕೇಳಿಸಲು ಸಾಧ್ಯ. ತಾವು ಒಳಗೆ ಬರಲು ಅನುಮತಿ ಸಿಕ್ಕಿದೆ ಎಂದೇ ಆ ಕ್ಯಾಪ್ಟನ್ ತಿಳಿದಿದ್ದರು. ಜಪಾನಿನಲ್ಲಿ ಆ ಬಳಿಕ ಸರದಿ ಸಂಖ್ಯೆ ಹೇಳುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಆದೇಶದ ಪಕ್ಕದಲ್ಲಿ ಮಾಹಿತಿಯನ್ನು ಇಟ್ಟರೆ ಮಾಹಿತಿಯೂ ಆದೇಶದ ಬಣ್ಣ ಪಡೆಯುತ್ತದೆ. ಟೆನೆರಿಫ್‌ನ ಮಾರ್ಗದ ಅನುಮತಿಯೊಳಗೆ ನುಸುಳಿದ ‘ಟೇಕಾಫ್’ ಮಾಡಿದ್ದೂ ಇದನ್ನೇ. ಮಡಿವಂತಿಕೆ ಸಾಲದೇ ಹೋಯಿತು ಎನ್ನಿ, ಒಪ್ಪುತ್ತೇನೆ. ಅದು ವ್ಯರ್ಥ ಎನ್ನಬೇಡಿ.

ದೇಶದಿಂದ ದೇಶಕ್ಕೆ ಮಾತು ಬದಲಾಗುತ್ತದೆ ಎಂಬುದು ನಿಜ, ಮತ್ತು ಅದು ನಾಚಿಕೆಗೇಡು. ರನ್‌ವೇಯೊಳಗೆ ಬಂದು ಕಾಯಿರಿ ಎನ್ನಲು ಅಂತರರಾಷ್ಟ್ರೀಯ ರೂಢಿಯಲ್ಲಿ ‘ಲೈನ್ ಅಪ್ ಅಂಡ್ ವೇಟ್’ ಎಂದಿದ್ದರೆ, ಅಮೆರಿಕದವರು 2010ರ ಸೆಪ್ಟೆಂಬರ್ 30ರವರೆಗೂ ‘ಪೊಸಿಷನ್ ಅಂಡ್ ಹೋಲ್ಡ್’ ಎನ್ನುತ್ತಿದ್ದರು. ಅದಕ್ಕೂ, ಇದ್ದಲ್ಲೇ ನಿಲ್ಲಿ ಎಂಬರ್ಥದ ‘ಹೋಲ್ಡ್ ಪೊಸಿಷನ್’ ಎಂಬುದಕ್ಕೂ ಇರುವುದು ಪದಗಳ ಹಿಂದುಮುಂದು ಮಾತ್ರ! ಒಂದು ರನ್‌ವೇಯೊಳಕ್ಕೆ ಕರೆಯುತ್ತದೆ, ಇನ್ನೊಂದು ಹೊರಗೆ ತಡೆಯುತ್ತದೆ.

ಆದರೆ ಪದ ಎಷ್ಟು ಶುದ್ಧವಾಗಿದ್ದರೂ ಹೇಳಿದವರು ಮರೆತರೆ ಏನೂ ಮಾಡಲಾಗದು ಎಂಬುದನ್ನೂ ಒಪ್ಪಿಕೊಳ್ಳಬೇಕು. 1991ರ ಫೆಬ್ರವರಿ 1ರಂದು ಲಾಸ್ ಏಂಜಲೀಸ್‌ನಲ್ಲಿ ನಿಯಂತ್ರಕಿ ಒಂದು ಚಿಕ್ಕ ವಿಮಾನವನ್ನು ರನ್‌ವೇಯೊಳಗೆ ಕಾಯಲು ನಿಲ್ಲಿಸಿ, ಇತರ ಗೊಂದಲಗಳ ನಡುವೆ ಅದನ್ನು ಮರೆತು, ಇನ್ನೊಂದಕ್ಕೆ ಅಲ್ಲಿಯೇ ಇಳಿಯಲು ಅನುಮತಿ ಕೊಟ್ಟರು. 35 ಮಂದಿ ಸತ್ತರು. ಅಲ್ಲಿ ಎಲ್ಲರೂ ಎಲ್ಲವನ್ನೂ ಸರಿಯಾಗಿ ಅರ್ಥಮಾಡಿಕೊಂಡಿದ್ದರು.

ಷರತ್ತಿನ ಅನುಮತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಇಳಿಯುತ್ತಿರುವ ವಿಮಾನ ಹಾದುಹೋದ ಮೇಲೆ ರನ್‌ವೇಗೆ ಬನ್ನಿ ಎನ್ನುವಾಗ ಷರತ್ತನ್ನು ಮೊದಲು ಹೇಳಿ, ಆಮೇಲೆ ಅಪ್ಪಣೆ ಹೇಳಿ, ಕೊನೆಯಲ್ಲಿ ‘ಬಿಹೈಂಡ್’ (ಅದರ ಹಿಂದೆ) ಎಂದು ಷರತ್ತನ್ನು ಮತ್ತೊಮ್ಮೆ ನೆನಪಿಸಬೇಕು. ಮಾತಿನ ಮೊದಲ ತುಂಡು ರೇಡಿಯೋದಲ್ಲಿ ಕತ್ತರಿಸಿಹೋಗುವುದು ಸಾಮಾನ್ಯ. ಷರತ್ತು ಕತ್ತರಿಸಿಹೋಗಿ ಅಪ್ಪಣೆ ಮಾತ್ರ ಉಳಿದರೆ ಏನಾಗಬಹುದೆಂದು ವಿವರಿಸಬೇಕಿಲ್ಲ. ಆ ಇನ್ನೊಂದು ವಿಮಾನ ನಿಯಂತ್ರಕರಿಗೂ ಪೈಲಟ್‌ಗೂ ಕಣ್ಣಿಗೆ ಕಾಣುತ್ತಿರಬೇಕು ಎಂಬ ನಿಯಮವೂ ಇದೆ.

ಎರಡನೇ ಸೀಟು:

ದೇಶಗಳ ನಡುವಿನ ವ್ಯತ್ಯಾಸದಲ್ಲಿ ನಮ್ಮಂಥವರನ್ನು ನಿಜಕ್ಕೂ ಕಾಡುವುದು ‘ಪೊಸಿಷನ್ ಅಂಡ್ ಹೋಲ್ಡ್’ ಅಲ್ಲ, ಸಿಡ್‌ನ ಎತ್ತರದ ನಿರ್ಬಂಧಗಳು. ಪ್ರಕಟಿತ ಮಾರ್ಗದಲ್ಲಿ ‘ಈ ಬಿಂದುವನ್ನು 5000 ಅಡಿಗಿಂತ ಮೇಲೆ ದಾಟಬೇಡಿ’ ಎಂಬಂಥ ಸೂಚನೆಗಳಿರುತ್ತವೆ. ಏರುತ್ತಿರುವಾಗ ನಿಯಂತ್ರಕರು ಬರಿದೆ ಹೊಸ ಎತ್ತರವೊಂದನ್ನು ಹೇಳಿದರೆ ಆ ಸೂಚನೆಗಳು ಉಳಿದಿವೆಯೋ ಹೋದವೋ? ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅವನ್ನು ಸ್ಪಷ್ಟವಾಗಿ ರದ್ದುಪಡಿಸಿದರೆ ಮಾತ್ರ ಹೋದವು. ಅಮೆರಿಕದಲ್ಲಿ ‘ಕ್ಲೈಂಬ್ ಅಂಡ್ ಮೇಂಟೇನ್’ ಎಂದ ಕೂಡಲೇ ಎತ್ತರದ ನಿರ್ಬಂಧಗಳು ಬಿದ್ದುಹೋಗುತ್ತವೆ. ಉಳಿಸಬೇಕಾದರೆ ‘ಕ್ಲೈಂಬ್ ವಯಾ’ ಎನ್ನಬೇಕು. 2016ರ ನವೆಂಬರ್‌ನಿಂದ ‘ಕ್ಲೈಂಬ್ ವಯಾ ಸಿಡ್’ ಎಂಬ ರೂಪ ಅಂತರರಾಷ್ಟ್ರೀಯ ಪದಾವಳಿಗೂ ಬಂದಿದ್ದರೂ, ಒಂದೇ ವಾರದಲ್ಲಿ ಎರಡೂ ವ್ಯವಸ್ಥೆಗಳಲ್ಲಿ ಹಾರುವವರು ಸಂದೇಹ ಬಂದಾಗ ಸಂಕೋಚ ಬಿಟ್ಟು ಕೇಳುವುದೇ ಲೇಸು. ಕೇಳಿದ್ದಕ್ಕೆ ಯಾವ ನಿಯಂತ್ರಕರೂ ನನ್ನನ್ನು ಇದುವರೆಗೆ ಗದರಿಲ್ಲ. (ನಿಟ್ಟುಸಿರು ಬಿಟ್ಟವರಿದ್ದಾರೆ.)

ಈಗ ದೊಡ್ಡ ನಿಲ್ದಾಣಗಳಲ್ಲಿ ನಿರ್ಗಮನ ಅನುಮತಿ ಬಾಯಿಮಾತಿನಲ್ಲಿ ಬರುವುದೇ ಕಡಿಮೆ. ಡೇಟಾಲಿಂಕ್ ಮೂಲಕ ಅಕ್ಷರರೂಪದಲ್ಲಿ ಬರುತ್ತದೆ, ಪರದೆಯಲ್ಲಿ ಓದಿ ಒಪ್ಪಿಗೆ ಒತ್ತುತ್ತೇವೆ. ‘ಟೂ’ ಮತ್ತು ‘ಟು’ಗಳ ಗೊಂದಲ ಅಲ್ಲಿಲ್ಲ. ಅದರ ಬದಲು ಬೇರೊಂದು ಅಪಾಯವಿದೆ: ದಿನವೂ ಒಂದೇ ರೀತಿ ಬರುವ ಅಕ್ಷರಗಳನ್ನು ಕಣ್ಣು ಓದದೆ ಗುರುತಿಸಿಬಿಡುತ್ತದೆ, ಮಾರ್ಗ ಒಂದು ಬಿಂದುವಿನಷ್ಟು ಬದಲಾದ ದಿನ ಅದು ಗಮನಕ್ಕೇ ಬರುವುದಿಲ್ಲ. ಆದ್ದರಿಂದ ಒಬ್ಬರು ಓದಿ, ಇನ್ನೊಬ್ಬರು ಕಂಪ್ಯೂಟರಿನಲ್ಲಿರುವ ಮಾರ್ಗದೊಂದಿಗೆ ಬಿಂದುಬಿಂದುವಾಗಿ ತಾಳೆ ನೋಡುತ್ತೇವೆ.

ಪದಶೋಧಕಿ:

ಹಳೆಯ ಗೋಪುರ ಅವರಲ್ಲಿ ಒಂದು ಪ್ರಶ್ನೆ. ಕೊಟ್ಟ ಟೇಕಾಫ್ ಅಪ್ಪಣೆಯನ್ನು ಹಿಂತೆಗೆಯುವಾಗಲೂ ಅದೇ ಪದವನ್ನು ಬಳಸಬಹುದು ಎಂದೆ. ಓಡುತ್ತಿರುವ ವಿಮಾನಕ್ಕೆ ಆ ಪದ ಮತ್ತೆ ಕೇಳಿಸುವುದು ಅಪಾಯವಲ್ಲವೇ?

ಹಳೆಯ ಗೋಪುರ:

ಒಳ್ಳೆಯ ಪ್ರಶ್ನೆ. ಅಂತರರಾಷ್ಟ್ರೀಯ ಪದಾವಳಿಯಲ್ಲಿ ಅದಕ್ಕಾಗಿಯೇ ಎರಡು ರೂಪಗಳಿವೆ. ವಿಮಾನ ಇನ್ನೂ ನಿಂತಿದ್ದರೆ ‘ಹೋಲ್ಡ್ ಪೊಸಿಷನ್, ಕ್ಯಾನ್ಸಲ್ ಟೇಕಾಫ್, ಐ ಸೇ ಅಗೇನ್, ಕ್ಯಾನ್ಸಲ್ ಟೇಕಾಫ್’ ಎಂದು ಹೇಳಿ ಕಾರಣ ತಿಳಿಸುತ್ತೇವೆ. ಓಡಲು ಆರಂಭಿಸಿದ್ದರೆ ಆ ಪದವನ್ನು ಬಿಟ್ಟು, ‘ಸ್ಟಾಪ್ ಇಮ್ಮೀಡಿಯೇಟ್ಲಿ’ ಎಂದು ವಿಮಾನದ ಕರೆಹೆಸರಿನೊಂದಿಗೆ ಎರಡು ಸಲ ಹೇಳುತ್ತೇವೆ. ಕಾರಣ ಹೇಳಲು ಆಗ ಸಮಯವೂ ಇಲ್ಲ, ಅಗತ್ಯವೂ ಇಲ್ಲ. ನನ್ನ ಸೇವಾವಧಿಯಲ್ಲಿ ಎರಡನೆಯದನ್ನು ಒಮ್ಮೆ ಮಾತ್ರ ಹೇಳಬೇಕಾಯಿತು. ರನ್‌ವೇಗೆ ವಾಹನವೊಂದು ನುಗ್ಗಿತ್ತು. ಆ ದಿನ ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತ್ತು, ಆದರೆ ಪದಗಳು ಮಾತ್ರ ತಾವಾಗಿ ಸರಿಯಾದ ಕ್ರಮದಲ್ಲಿ ಹೊರಬಂದವು.

ಮೌನಶ್ರೋತೃ:

ಎಲ್ಲರಿಗೂ ಧನ್ಯವಾದ. ನಾನು ಹೇಳಿದ ಅನುಮತಿಯನ್ನು ತಿದ್ದಿ ಬರೆದಿದ್ದೇನೆ, ದಯವಿಟ್ಟು ನೋಡಿ. ಕರೆಹೆಸರು, ನಂತರ ‘ಕ್ಲಿಯರ್ಡ್ ಟು’ ಗಮ್ಯಸ್ಥಾನ, ಸಿಡ್‌ನ ಹೆಸರು ಅಂಕಿಯೊಂದಿಗೆ, ‘ಫ್ಲೈಟ್ ಪ್ಲಾನ್ಡ್ ರೂಟ್’, ‘ಕ್ಲೈಂಬ್ ವಯಾ ಸಿಡ್ ಟು ಆಲ್ಟಿಟ್ಯೂಡ್ ಸಿಕ್ಸ್ ಥೌಸಂಡ್ ಫೀಟ್’, ಟ್ರಾನ್ಸ್‌ಪಾಂಡರ್ ಸಂಖ್ಯೆಗೆ ‘ಸ್ಕ್ವಾಕ್ ಫೋರ್ ಸಿಕ್ಸ್ ಎಯ್ಟ್ ಒನ್’. ತಿರುವಿನ ವಿಷಯ ಸಿಡ್‌ನಲ್ಲಿಯೇ ಇರುವುದರಿಂದ ಅದನ್ನು ಪೂರ್ತಿ ಬಿಟ್ಟಿದ್ದೇನೆ. ಇದರಲ್ಲಿ ಈಗ ತಪ್ಪಿಲ್ಲವೆಂದು ಭಾವಿಸುತ್ತೇನೆ.

ಎರಡನೇ ಸೀಟು:

ಒಂದೇ ಒಂದು. ಟ್ರಾನ್ಸ್‌ಪಾಂಡರ್‌ನಲ್ಲಿ 8 ಎಂಬ ಅಂಕಿಯೇ ಇಲ್ಲ. ಪ್ರತಿ ಸ್ಥಾನದಲ್ಲೂ 0ಯಿಂದ 7ರವರೆಗೆ ಮಾತ್ರ. ಹಾಗಾಗಿ ಒಟ್ಟು 4096 ಸಂಖ್ಯೆಗಳು. ಬದಲಿಸುವಾಗ 7500, 7600, 7700 ಮೂರನ್ನೂ ಬಿಟ್ಟು ಆರಿಸಿ: ಅಪಹರಣ, ರೇಡಿಯೋ ವೈಫಲ್ಯ, ತುರ್ತುಸ್ಥಿತಿಗಳಿಗೆ ಅವು ಮೀಸಲು.

ಹಳೆಯ ಗೋಪುರ:

ಅದರ ಜೊತೆಗೆ, ಪೈಲಟ್ ಮರಳಿ ಓದಿದ ಮೇಲೆ ನೀವು ಏನು ಹೇಳುತ್ತೀರಿ ಎಂಬುದನ್ನು ಬರೆದಿಲ್ಲ. ‘ಓಕೆ’ ಎನ್ನಬೇಡಿ, ‘ರೀಡ್‌ಬ್ಯಾಕ್ ಕರೆಕ್ಟ್’ ಎನ್ನಿ, ಮತ್ತು ಅದನ್ನು ಹೇಳುವ ಮೊದಲು ನಿಜವಾಗಿಯೂ ಕೇಳಿಸಿಕೊಳ್ಳಿ.